ಖಿರ್ಖಾ: ಗುರುವಿನ ಬಟ್ಟೆ ಶಿಷ್ಯನಿಗೆ ಏನನ್ನು ಕೊಡುತ್ತದೆ?

ಕುರ್‌ಆನ್ ಪೂರ್ತಿ ಕಂಠಪಾಠ ಮಾಡಿದ ಹುಡುಗನಿಗೆ ಸಭೆಯ ಮುಂದೆ ಉಲಮಾಗಳು ಪೇಟ ಕಟ್ಟುವುದನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ನೋಡಿರುತ್ತಾರೆ. ಅದಕ್ಕೆ ದಸ್ತಾರ್‌ಬಂದಿ ಎನ್ನುತ್ತೇವೆ. ಸನ್ಯಾಸ ದೀಕ್ಷೆಯಲ್ಲಿ ಗುರು ಶಿಷ್ಯನಿಗೆ ಕಾವಿ ಕೊಡುವುದನ್ನು ಇನ್ನು ಕೆಲವರು ನೋಡಿರುತ್ತಾರೆ. ಎರಡೂ ಕಡೆ ಇರುವುದು ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಬಟ್ಟೆಯೇ. ಆದರೆ ಅದು ಒಬ್ಬರ ಕೈಯಿಂದ ಇನ್ನೊಬ್ಬರ ತಲೆಗೋ ಹೆಗಲಿಗೋ ಬಂದ ಮೇಲೆ ಜನ ಆ ವ್ಯಕ್ತಿಯನ್ನು ನೋಡುವ ರೀತಿ ಬದಲಾಗುತ್ತದೆ. ನಿನ್ನೆಯವರೆಗೆ ಹೆಸರು ಹಿಡಿದು ಕೂಗುತ್ತಿದ್ದವರು ಇಂದು ‘ಹಾಫಿಜ್ ಸಾಹೇಬರೇ’ ಎನ್ನುತ್ತಾರೆ, ‘ಬುದ್ಧಿಯವರೇ’ ಎನ್ನುತ್ತಾರೆ.

ಬಟ್ಟೆಗೆ ಈ ಶಕ್ತಿ ಎಲ್ಲಿಂದ ಬಂತು? ಗುರುವಿನ ಬಟ್ಟೆ ಸಿಕ್ಕಿದವನೇ ಗುರುವಿನ ಉತ್ತರಾಧಿಕಾರಿಯೇ? ಬಟ್ಟೆ ಸಿಗದಿದ್ದರೆ ಪರಂಪರೆ ನಿಂತುಹೋಗುತ್ತದೆಯೇ? ಇತಿಹಾಸ, ಸಮಾಜಶಾಸ್ತ್ರ ಓದುವವರಿಗೂ ಧರ್ಮದ ಬಗ್ಗೆ ಆಸಕ್ತಿ ಇರುವವರಿಗೂ ಈ ಪ್ರಶ್ನೆಗಳು ಮುಖ್ಯ. ನಮ್ಮ ರಾಜ್ಯದ ಕಲಬುರಗಿಯ ಹಜರತ್ ಖ್ವಾಜಾ ಬಂದೇ ನವಾಜ್ ಅವರ ಜೀವನದಲ್ಲಿ ಇವಕ್ಕೆ ಒಂದು ಅಪರೂಪದ ಉತ್ತರವಿದೆ. ಅಲ್ಲಿಗೆ ಹೋಗುವ ಮೊದಲು ಕೆಲವು ಪದಗಳನ್ನೂ ಹಿನ್ನೆಲೆಯನ್ನೂ ತಿಳಿದುಕೊಳ್ಳೋಣ.

ಖಿಲ್ಲತ್ತು ಮತ್ತು ಖಿರ್ಖಾ

ಕೇಳಲು ಹತ್ತಿರವಾಗಿರುವ ಈ ಎರಡು ಪದಗಳು ಎರಡು ಬೇರೆ ಲೋಕಗಳಿಗೆ ಸೇರಿವೆ.

ಖಿಲ್ಲತ್ತು ಎಂದರೆ ಅರಸರು ಕೊಡುತ್ತಿದ್ದ ಗೌರವದ ಉಡುಪು. ಇದರ ಅರಬ್ಬಿ ಮೂಲಕ್ಕೆ ‘ಕಳಚುವುದು’ ಎಂಬ ಅರ್ಥವಿದೆ. ದೊರೆ ತನ್ನ ಮೈಮೇಲಿನ ಉಡುಪನ್ನೇ ಕಳಚಿ ಮೆಚ್ಚಿದವನಿಗೆ ಕೊಡುವುದು ಇದರ ಹಿಂದಿನ ಕಲ್ಪನೆ. ಮೊಗಲರ ಆಡಳಿತದಲ್ಲಿ ಸುಬೇದಾರರಿಗೆ, ಸರದಾರರಿಗೆ, ಸಾಮಂತರಿಗೆ ಖಿಲ್ಲತ್ತು ಕೊಡುವುದು ವಾಡಿಕೆಯಾಗಿತ್ತು. ಅದನ್ನು ತೊಟ್ಟವನು ದೊರೆಯ ಅಧೀನನೆಂದು ಒಪ್ಪಿದಂತೆ. ನಮ್ಮ ಶಿರಾ 1687ರಿಂದ ಮೊಗಲರ ಸುಬಾದ ಕೇಂದ್ರವಾಗಿತ್ತು. ಅಲ್ಲಿನ ಕೋಟೆ, 1696ರ ಜುಮ್ಮಾ ಮಸೀದಿ, ಅದಕ್ಕೂ ಹಿಂದಿನ ಮಲಿಕ್ ರೆಹಾನ್ ದರ್ಗಾ ನೋಡಿದವರಿಗೆ ಆ ಊರು ಒಂದು ಕಾಲದಲ್ಲಿ ಎಷ್ಟು ದೊಡ್ಡ ಅಧಿಕಾರದ ಸ್ಥಳವಾಗಿತ್ತು ಎಂಬುದು ತಿಳಿಯುತ್ತದೆ. ಖಿಲ್ಲತ್ತು ಆ ದರ್ಬಾರಿನ ಲೋಕದ ಪದ. ರೇಷ್ಮೆ, ಜರತಾರಿ, ಬೆಲೆ, ದರ್ಜೆ ಎಲ್ಲವೂ ಅದರಲ್ಲಿ ಲೆಕ್ಕಕ್ಕೆ ಬರುತ್ತಿದ್ದವು.

ಖಿರ್ಖಾ ಸೂಫಿಗಳ ಪದ. ಇದರ ಮೂಲಕ್ಕೆ ‘ಹರಿಯುವುದು’ ಎಂಬ ಅರ್ಥವಿದೆ. ಹರಿದ ಬಟ್ಟೆ, ತೇಪೆ ಹಾಕಿದ ನಿಲುವಂಗಿ ಎಂದು ಹೇಳಬಹುದು. ಮುರ್ಶಿದ್, ಅಂದರೆ ಗುರು, ತನ್ನ ಮುರೀದನಿಗೆ ಇದನ್ನು ತೊಡಿಸುತ್ತಿದ್ದರು. ಇದಕ್ಕೆ ಮಾರುಕಟ್ಟೆಯಲ್ಲಿ ಬೆಲೆಯೇ ಇಲ್ಲ. ಅಧಿಕಾರ ಹಸ್ತಾಂತರವಾಗುವ ಗುರುತಿಗೆ ಸೂಫಿಗಳು ಆರಿಸಿಕೊಂಡದ್ದು ಭಿಕ್ಷುಕನೂ ತೊಡಬಹುದಾದ ಬಟ್ಟೆಯನ್ನು. ಈ ಆಯ್ಕೆಯಲ್ಲೇ ಒಂದು ಪಾಠವಿದೆ: ಇಲ್ಲಿ ಕೊಡುತ್ತಿರುವುದು ಬಡತನವನ್ನು ಒಪ್ಪಿಕೊಳ್ಳುವ ಧೈರ್ಯ, ಸಂಪತ್ತಾಗಲಿ ದರ್ಜೆಯಾಗಲಿ ಇದರ ಜೊತೆಗೆ ಬರುವುದಿಲ್ಲ.

ಒಂದೇ ಅಂಗಿಯ ಮೂರು ಮಾತು

ಬಟ್ಟೆ ಒಂದು ಸಂಕೇತವೆಂದರೆ ಏನೆಂದು ತಿಳಿಯಲು ಪವಿತ್ರ ಕುರ್‌ಆನಿನ 12ನೇ ಅಧ್ಯಾಯವಾದ ಸೂರಃ ಯೂಸುಫ್‌ಗಿಂತ ಒಳ್ಳೆಯ ಪಾಠ ಬೇರೆ ಬೇಕಿಲ್ಲ. ಪ್ರವಾದಿ ಯೂಸುಫ್ (ಅ) ಅವರ ಅಂಗಿ ಆ ಕಥೆಯಲ್ಲಿ ಮೂರು ಸಲ ಬರುತ್ತದೆ.

ಮೊದಲ ಸಲ ಅಣ್ಣಂದಿರು ಅಂಗಿಗೆ ಸುಳ್ಳು ರಕ್ತ ಹಚ್ಚಿ ತಂದೆ ಯಾಕೂಬ್ (ಅ) ಅವರ ಮುಂದೆ ಇಡುತ್ತಾರೆ. ತೋಳ ತಿಂದಿತು ಎನ್ನುತ್ತಾರೆ. ತಂದೆ ನಂಬುವುದಿಲ್ಲ. ತೋಳ ತಿಂದಿದ್ದರೆ ಅಂಗಿ ಹರಿಯದೆ ಇರುತ್ತಿತ್ತೇ ಎಂದು ಅವರು ಅರ್ಥ ಮಾಡಿಕೊಂಡರೆಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ಎರಡನೆಯ ಸಲ ಮಿಸ್ರಿನಲ್ಲಿ ಯೂಸುಫರ ಮೇಲೆ ಆರೋಪ ಬಂದಾಗ, ಅಂಗಿ ಹರಿದದ್ದು ಮುಂದಿನಿಂದಲೋ ಹಿಂದಿನಿಂದಲೋ ಎಂದು ನೋಡಿ ಅವರು ನಿರಪರಾಧಿ ಎಂದು ತೀರ್ಮಾನವಾಗುತ್ತದೆ. ಮೂರನೆಯ ಸಲ ಅವರ ಅಂಗಿಯನ್ನು ಅಳುತ್ತಾ ಕಣ್ಣು ಕಳೆದುಕೊಂಡ ತಂದೆಯ ಮುಖದ ಮೇಲೆ ಹಾಕಿದಾಗ ದೃಷ್ಟಿ ಮರಳುತ್ತದೆ.

ಒಂದು ಸಲ ಅಂಗಿ ಸುಳ್ಳಿನ ಕೈಗೆ ಸಿಕ್ಕಿತು. ಒಂದು ಸಲ ಸಾಕ್ಷಿ ನುಡಿಯಿತು. ಒಂದು ಸಲ ಕೃಪೆಯನ್ನು ಹೊತ್ತು ತಂದಿತು. ಹಾಗಾಗಿ ಅಂಗಿ ಕಂಡ ಕೂಡಲೇ ನಂಬಬೇಕೆಂದಿಲ್ಲ, ಅಂಗಿಗೆ ಅರ್ಥವೇ ಇಲ್ಲವೆಂದೂ ಅಲ್ಲ. ಅದನ್ನು ತಂದವರು ಯಾರು, ಅದು ಹರಿದದ್ದು ಎಲ್ಲಿ ಎಂದು ನೋಡುವ ವಿವೇಕ ಬೇಕು. ಇದೇ ಕುರ್‌ಆನ್ 7ನೇ ಅಧ್ಯಾಯದ 26ನೇ ವಚನದಲ್ಲಿ ಮೈ ಮುಚ್ಚುವ, ಅಲಂಕರಿಸುವ ಉಡುಪನ್ನು ದೇವರ ಕೊಡುಗೆ ಎಂದು ಹೇಳಿ, ತಕ್ವಾ ಎಂಬ ಉಡುಪು ಅದಕ್ಕಿಂತ ಮೇಲೆಂದು ತಿಳಿಸುತ್ತದೆ. ಮುಂದೆ ನೋಡಲಿರುವ ಎಲ್ಲ ಕಥೆಗಳಿಗೂ ಈ ಮಾತನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು.

ಪ್ರವಾದಿಯವರ ಚಾದರ, ಅರಸರ ಕೈಯಲ್ಲಿ

ಕಅಬ್ ಇಬ್ನ್ ಜುಹೈರ್ ಎಂಬ ಕವಿ ಮೊದಲು ವಿರೋಧಿಯಾಗಿದ್ದು, ನಂತರ ಬಂದು ಕ್ಷಮೆ ಕೇಳಿ ಪ್ರವಾದಿ ಮುಹಮ್ಮದ್ (ಸ) ಅವರ ಮುಂದೆ ಕವಿತೆ ಓದಿದರು. ಪ್ರವಾದಿಯವರು ತಮ್ಮ ಹೊದಿಕೆಯನ್ನೇ, ಅಂದರೆ ಬುರ್ದಾವನ್ನು, ಅವರಿಗೆ ಹೊದಿಸಿದರೆಂದು ಪರಂಪರೆ ಹೇಳುತ್ತದೆ. ಆ ಗಳಿಗೆಯಲ್ಲಿ ಅದು ಕ್ಷಮೆಯ ಬಟ್ಟೆ. ಭಯದಿಂದ ಬಂದವನಿಗೆ ‘ನೀನಿನ್ನು ನಮ್ಮವನು’ ಎಂದು ಹೇಳಿದ ಬಟ್ಟೆ.

ಮುಂದೆ ಅದಕ್ಕೆ ಬೇರೆ ಅರ್ಥವೂ ಸೇರಿಕೊಂಡಿತು. ಕವಿಯ ವಾರಸುದಾರರಿಂದ ಮುಆವಿಯಾ ಅದನ್ನು ಕೊಂಡರೆಂದು ಹೇಳುತ್ತಾರೆ. ಅಬ್ಬಾಸಿ ಖಲೀಫರು ಪ್ರವಾದಿಯವರ ಬುರ್ದಾ ಮತ್ತು ಕೋಲನ್ನು ಖಿಲಾಫತ್ತಿನ ಲಾಂಛನಗಳಾಗಿ ಇಟ್ಟುಕೊಂಡಿದ್ದರು. ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆಯಲ್ಲಿ ಇಂದಿಗೂ ಪ್ರವಾದಿಯವರದೆಂದು ಗೌರವಿಸುವ ನಿಲುವಂಗಿ ಇದೆ. ಉಸ್ಮಾನಿ ಸುಲ್ತಾನರು ರಂಜಾನಿನ 15ರಂದು ಅದರ ದರ್ಶನ ಮಾಡುತ್ತಿದ್ದರು. ಅಫ್ಘಾನಿಸ್ತಾನದ ಕಂದಹಾರದಲ್ಲೂ ಅಂಥದೊಂದು ನಿಲುವಂಗಿ ಇದೆ. ಅಹ್ಮದ್ ಶಾ ದುರ್ರಾನಿ 18ನೇ ಶತಮಾನದಲ್ಲಿ ಅದನ್ನು ಬುಖಾರಾದಿಂದ ತಂದರು. 1996ರಲ್ಲಿ ತಾಲಿಬಾನ್ ನಾಯಕ ಮುಲ್ಲಾ ಉಮರ್ ಅದನ್ನು ಹೊರತೆಗೆದು ಜನಸಮೂಹಕ್ಕೆ ತೋರಿಸಿದರು. ಅದೇ ಸಂದರ್ಭದಲ್ಲಿ ಅವರನ್ನು ಅಮೀರುಲ್ ಮೂಮಿನೀನ್ ಎಂದು ಘೋಷಿಸಲಾಯಿತು.

ಕವಿಯ ಹೆಗಲ ಮೇಲೆ ಕ್ಷಮೆಯಾಗಿ ಬಿದ್ದ ಬಟ್ಟೆಗೂ ಜನರ ವಿಧೇಯತೆ ಪಡೆಯಲು ಮೇಲೆತ್ತಿ ತೋರಿಸಿದ ಬಟ್ಟೆಗೂ ವ್ಯತ್ಯಾಸವಿದೆ. ಭಕ್ತಿ ಎರಡೂ ಕಡೆ ಇರಬಹುದು. ಆದರೆ ಮೊದಲನೆಯದರಲ್ಲಿ ಕೊಟ್ಟವರೇ ಇದ್ದರು. ಎರಡನೆಯದರಲ್ಲಿ ಇದ್ದವರು ತಾವಾಗಿಯೇ ಎತ್ತಿಕೊಂಡವರು. ಯಾರೂ ಕೊಡದೆ ತಾನೇ ತೆಗೆದುಕೊಂಡ ಬಟ್ಟೆ ಅಧಿಕಾರ ಕೊಡುತ್ತದೆಯೇ ಎಂಬುದು ಸೂಫಿಗಳ ನಡುವೆಯೂ ಬಹಳ ಹಳೆಯ ಪ್ರಶ್ನೆ.

ತೊಡುವ ಮುನ್ನ ಮೂರು ವರ್ಷ

ಲಾಹೋರಿನಲ್ಲಿ ಸಮಾಧಿಯಾದ, ದಾತಾ ಗಂಜ್ ಬಖ್ಷ್ ಎಂದು ಜನ ಕರೆಯುವ 11ನೇ ಶತಮಾನದ ಹಜರತ್ ಅಲಿ ಹುಜ್ವೀರಿ ತಮ್ಮ ‘ಕಶ್ಫುಲ್ ಮಹ್ಜೂಬ್’ ಗ್ರಂಥದಲ್ಲಿ ತೇಪೆಯ ಅಂಗಿಯ ಬಗ್ಗೆ ಒಂದು ಅಧ್ಯಾಯವನ್ನೇ ಬರೆದಿದ್ದಾರೆ. ಗುರುಗಳು ಶಿಷ್ಯನನ್ನು ಮೂರು ವರ್ಷ ಪಳಗಿಸುತ್ತಿದ್ದರೆಂದು ಅಲ್ಲಿ ವಿವರಿಸುತ್ತಾರೆ. ಮೊದಲ ವರ್ಷ ಜನರ ಸೇವೆ. ಎರಡನೆಯ ವರ್ಷ ದೇವರ ಸೇವೆ. ಮೂರನೆಯ ವರ್ಷ ತನ್ನದೇ ಹೃದಯದ ಕಾವಲು. ಇದಾದ ಮೇಲೆಯೇ ಖಿರ್ಖಾ.

ಈ ಕ್ರಮವನ್ನು ಗಮನಿಸಿ. ಪ್ರಾರ್ಥನೆಗಿಂತ ಮೊದಲು ಜನಸೇವೆ ಬಂದಿದೆ. ತನಗಿಂತ ಎಲ್ಲರೂ ಮೇಲೆಂದು ತಿಳಿದು ಭೇದವಿಲ್ಲದೆ ದುಡಿಯಲು ಕಲಿಯದವನಿಗೆ ಮುಂದಿನ ಹಂತವೇ ಇಲ್ಲ. ಹುಜ್ವೀರಿಯವರು ಈ ಅಂಗಿಯನ್ನು ಕಫನ್‌ಗೆ ಹೋಲಿಸುತ್ತಾರೆ. ತೊಟ್ಟವನು ತನ್ನ ಆಸೆಗಳಿಗೆ ಸತ್ತಂತೆ ಬದುಕಬೇಕು. ಹೊಟ್ಟೆಪಾಡಿಗಾಗಿ, ಹೆಸರಿಗಾಗಿ ತೇಪೆ ಅಂಗಿ ತೊಟ್ಟು ತಿರುಗುವವರು ಅವರ ಕಾಲದಲ್ಲೂ ಇದ್ದರು. ಅವರನ್ನು ಖಂಡಿಸಲು ಹುಜ್ವೀರಿಯವರು ಹಿಂಜರಿಯುವುದಿಲ್ಲ.

ನಂತರದ ಕಾಲದಲ್ಲಿ ಬಗ್ದಾದಿನ ಹಜರತ್ ಶಿಹಾಬುದ್ದೀನ್ ಉಮರ್ ಸುಹ್ರವರ್ದಿ (ನಿಧನ 1234) ಖಿರ್ಖಾದಲ್ಲಿ ಎರಡು ಬಗೆ ಹೇಳಿದರು. ಒಂದು ಇರಾದತ್ತಿನ ಖಿರ್ಖಾ: ಗುರುವಿಗೆ ತನ್ನನ್ನು ಪೂರ್ತಿ ಒಪ್ಪಿಸಿಕೊಂಡು, ಶಿಸ್ತಿಗೆ ಬದ್ಧನಾದ ಶಿಷ್ಯನಿಗೆ. ಇನ್ನೊಂದು ತಬರ್ರುಕಿನ ಖಿರ್ಖಾ: ಆಶೀರ್ವಾದ ಬಯಸಿ ಬಂದವನಿಗೆ. ಈ ಎರಡರ ಮೇಲೆ ಖಿಲಾಫತ್ತಿನ ಖಿರ್ಖಾ ಎಂಬ ಮಾತೂ ಬಳಕೆಯಲ್ಲಿದೆ. ಅದನ್ನು ಪಡೆದವರು ತಾವೇ ಮುರೀದರನ್ನು ಮಾಡಿಕೊಳ್ಳಬಹುದು. ನಮ್ಮ ಚರ್ಚೆಗೆ ಸಂಬಂಧಿಸಿದ್ದು ಇದೇ.

ಗೈರುಹಾಜರಿಯಲ್ಲಿ ಬಂದ ಬಟ್ಟೆ

ಭಾರತದ ಚಿಶ್ತಿ ಪರಂಪರೆಯಲ್ಲಿ ಐದು ದೊಡ್ಡ ಹೆಸರುಗಳನ್ನು ಸರಣಿಯಾಗಿ ಹೇಳುತ್ತಾರೆ: ಅಜ್ಮೀರಿನ ಖ್ವಾಜಾ ಮುಈನುದ್ದೀನ್, ದೆಹಲಿಯ ಕುತ್ಬುದ್ದೀನ್ ಬಖ್ತಿಯಾರ್ ಕಾಕಿ, ಅಜೋಧನದ ಬಾಬಾ ಫರೀದ್, ದೆಹಲಿಯ ನಿಜಾಮುದ್ದೀನ್ ಔಲಿಯಾ ಮತ್ತು ನಸೀರುದ್ದೀನ್ ಚಿರಾಗ್ ದೆಹಲವಿ.

ಕುತ್ಬುದ್ದೀನ್ ಅವರು 1235ರಲ್ಲಿ ತೀರಿಕೊಂಡಾಗ ಬಾಬಾ ಫರೀದ್ ದೆಹಲಿಯಲ್ಲಿ ಇರಲಿಲ್ಲ, ಹಾನ್ಸಿಯಲ್ಲಿದ್ದರು. ಗುರು ಬಿಟ್ಟುಹೋದ ಖಿರ್ಖಾ ಮತ್ತಿತರ ವಸ್ತುಗಳು ಆಮೇಲೆ ಅವರ ಕೈಸೇರಿದವು. ಬಾಬಾ ಫರೀದ್ ಅವರ ಕೊನೆಯ ದಿನಗಳಲ್ಲಿ ನಿಜಾಮುದ್ದೀನ್ ಸಹ ಹತ್ತಿರ ಇರಲಿಲ್ಲ. ದೆಹಲಿಯಿಂದ ಬಂದ ಒಬ್ಬರು ನಿಜಾಮುದ್ದೀನರ ಸಲಾಮು ತಿಳಿಸಿದಾಗ, ತಮ್ಮ ಖಿರ್ಖಾ, ನಮಾಜಿನ ಚಾಪೆ ಮತ್ತು ಕೋಲನ್ನು ಅವರಿಗೆ ತಲುಪಿಸಬೇಕೆಂದು ಬಾಬಾ ಹೇಳಿದರು. ಮನೆಯಲ್ಲೇ ಇದ್ದ ಗಂಡುಮಕ್ಕಳಿಗೆ ಇದು ಅಸಮಾಧಾನ ತಂದಿತೆಂದು ಚಿಶ್ತಿಗಳ ಜೀವನ ಚರಿತ್ರೆಯಾದ ‘ಸಿಯರುಲ್ ಔಲಿಯಾ’ ತಿಳಿಸುತ್ತದೆ. ಆದರೂ ತಂದೆ ರಕ್ತಸಂಬಂಧಕ್ಕಿಂತ ಅರ್ಹತೆಯನ್ನು ಆರಿಸಿದರು.

ಇಲ್ಲಿ ಇನ್ನೊಂದು ವಿವರವಿದೆ. ಬಾಬಾ ಫರೀದ್ ಅದಕ್ಕೂ ಮೊದಲೇ ನಿಜಾಮುದ್ದೀನರಿಗೆ ಖಿಲಾಫತ್‌ನಾಮೆ, ಅಂದರೆ ಲಿಖಿತ ಅನುಮತಿ ಪತ್ರ, ಕೊಟ್ಟಿದ್ದರು. ಅದನ್ನು ದಾರಿಯಲ್ಲಿ ಹಾನ್ಸಿಯ ಶೇಖ್ ಜಮಾಲುದ್ದೀನರಿಗೆ ತೋರಿಸಲು ಹೇಳಿದ್ದರು. ಗುರು ಒಪ್ಪಿದರೆ ಸಾಲದು, ಅನುಭವಸ್ಥರಾದ ಇನ್ನೊಬ್ಬರೂ ನೋಡಿ ಒಪ್ಪಬೇಕು. ಬಟ್ಟೆ, ಪತ್ರ, ಸಾಕ್ಷಿ: ಮೂರೂ ಸೇರಿದಾಗ ಪರಂಪರೆ ಗಟ್ಟಿ. ಇಂದು ನಮ್ಮ ಅಂಕಪಟ್ಟಿಗೆ ಮೊಹರು, ಸಹಿ, ಪರಿಶೀಲನೆ ಇರುವ ಹಾಗೆಯೇ ಇದು.

ವಿದ್ಯಾರ್ಥಿನಿಯರು ಗಮನಿಸಬೇಕಾದ ಮಾತೂ ಅದೇ ಗ್ರಂಥದಲ್ಲಿದೆ. ಹೆಣ್ಣಿಗೆ ಖಿಲಾಫತ್ತು ಕೊಡುವ ಅವಕಾಶ ಇದ್ದಿದ್ದರೆ ತಮ್ಮ ಮಗಳು ಬೀಬಿ ಷರೀಫಾಗೆ ಕೊಡುತ್ತಿದ್ದೆ ಎಂದು ಬಾಬಾ ಫರೀದ್ ಹೇಳಿದ್ದರಂತೆ. ಆ ಕಾಲದ ವಾಡಿಕೆಯ ಮಿತಿ ಈ ಮಾತಿನಲ್ಲಿದೆ. ಅರ್ಹತೆ ಎಲ್ಲಿದೆ ಎಂಬುದು ಅವರಿಗೆ ಕಾಣುತ್ತಿತ್ತು ಎನ್ನುವುದೂ ಇದರಲ್ಲೇ ಇದೆ.

ಮಣ್ಣಿಗೆ ಹೋದ ಖಿರ್ಖಾ, ಹಗ್ಗವಾದ ಖಿರ್ಖಾ

ಈಗ ಕಲಬುರಗಿಯ ಕಥೆಗೆ ಬರೋಣ. ಅದು ಶುರುವಾಗುವುದು ದೆಹಲಿಯಲ್ಲಿ.

ಹಜರತ್ ನಸೀರುದ್ದೀನ್ ಚಿರಾಗ್ ದೆಹಲವಿ 1356ರಲ್ಲಿ, ರಂಜಾನ್ ತಿಂಗಳಲ್ಲಿ, ಕೊನೆಯುಸಿರೆಳೆದರು. ಅದಕ್ಕೆ ಸ್ವಲ್ಪ ಮೊದಲು ಹತ್ತಿರದವರು ಉತ್ತರಾಧಿಕಾರಿಯನ್ನು ಹೆಸರಿಸಬೇಕೆಂದು ಕೇಳಿಕೊಂಡರು. ಯೋಗ್ಯರ ಪಟ್ಟಿಯನ್ನೂ ಬರೆದು ತಂದರು. ಅವರು ಪಟ್ಟಿ ನೋಡಿ, ಇವರೆಲ್ಲ ಮೊದಲು ತಮ್ಮ ಈಮಾನಿನ ಚಿಂತೆ ಮಾಡಲಿ, ಇನ್ನೊಬ್ಬರ ಭಾರ ಹೊರುವ ಮಾತು ಆಮೇಲೆ ಎಂಬ ಅರ್ಥದ ಉತ್ತರ ಕೊಟ್ಟರು. ತಾವು ಗುರುವಿನಿಂದ ಪಡೆದ ಖಿರ್ಖಾವನ್ನು ಎದೆಯ ಮೇಲೆ, ಕೋಲನ್ನು ಪಕ್ಕದಲ್ಲಿ ಇಟ್ಟು, ತಸ್ಬೀಹ್, ಮರದ ಬಟ್ಟಲು, ಮರದ ಪಾದುಕೆಗಳನ್ನೂ ಜೊತೆಗಿರಿಸಿ ತಮ್ಮನ್ನು ದಫನ್ ಮಾಡಬೇಕೆಂದು ಹೇಳಿದರು. ಹಾಗೆಯೇ ಮಾಡಲಾಯಿತು.

ಐದು ತಲೆಮಾರುಗಳ ಗುರುತು ಮಣ್ಣಿನೊಳಗೆ ಹೋಯಿತು. ಯೋಗ್ಯನಿಲ್ಲವೆಂದು ಕಂಡಾಗ ಅಯೋಗ್ಯನಿಗೆ ಕೊಡುವುದಕ್ಕಿಂತ ಕೊಡದಿರುವುದು ಮೇಲು ಎಂಬ ಕಠಿಣ ತೀರ್ಮಾನ ಅದು. ದೊಡ್ಡ ಸ್ಥಾನದಲ್ಲಿದ್ದವರು ಕೊನೆಗಾಲದಲ್ಲಿ ಒತ್ತಾಯಕ್ಕೆ ಮಣಿಯದೆ ಇಂಥ ತೀರ್ಮಾನ ಮಾಡುವುದು ಸುಲಭವಲ್ಲ.

ಅವರ ಶಿಷ್ಯರಲ್ಲಿ ಸೈಯದ್ ಮುಹಮ್ಮದ್ ಹುಸೈನಿ ಎಂಬ 35 ವರ್ಷದವರೊಬ್ಬರಿದ್ದರು. ಉದ್ದ ಕೂದಲಿನಿಂದಾಗಿ ಅವರಿಗೆ ಗೇಸೂದರಾಜ್ ಎಂಬ ಹೆಸರು ಬಂದಿತ್ತು. ಗುರುವಿನ ಪಾರ್ಥಿವ ಶರೀರಕ್ಕೆ ಗುಸುಲ್ ಮಾಡಿಸಿದವರು ಅವರೇ. ಮೈ ತೊಳೆದ ಮಂಚದ ಹಗ್ಗಗಳನ್ನು ಬಿಚ್ಚಿ ಅವರು ತಮ್ಮ ಕೊರಳಿಗೆ ಹಾಕಿಕೊಂಡು, ನನ್ನ ಪಾಲಿಗೆ ಇದೇ ಖಿರ್ಖಾ ಎಂದರೆಂದು ಪರಂಪರೆ ಹೇಳುತ್ತದೆ.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಗುರು ಖಿರ್ಖಾವನ್ನು ತೊಡಿಸಲಿಲ್ಲ. ಶಿಷ್ಯ ಅದನ್ನು ಕೇಳಲಿಲ್ಲ, ಗೋರಿಯಿಂದ ತೆಗೆಯಲಿಲ್ಲ, ನನಗೆ ಅನ್ಯಾಯವಾಯಿತೆಂದು ಜಗಳ ಹೂಡಲಿಲ್ಲ. ಗುರುವಿಗೆ ಮಾಡಿದ ಕೊನೆಯ ಸೇವೆಯಲ್ಲಿ ಕೈಗೆ ಸಿಕ್ಕಿದ್ದನ್ನೇ ತನ್ನ ಗುರುತು ಮಾಡಿಕೊಂಡರು. ಒದ್ದೆಯಾದ ಆ ಹಗ್ಗಕ್ಕೆ ಯಾರೂ ಪೈಪೋಟಿ ಮಾಡುವುದಿಲ್ಲ. ಬಟ್ಟೆ ಕಣ್ಮರೆಯಾದ ಜಾಗದಲ್ಲಿ ಖಿದ್ಮತ್, ಅಂದರೆ ಸೇವೆ, ಖಿರ್ಖಾ ಆಯಿತು. ಹುಜ್ವೀರಿಯವರು ಹೇಳಿದ ಮೊದಲ ವರ್ಷದ ಪಾಠವೂ ಸೇವೆಯೇ ಆಗಿತ್ತೆಂಬುದನ್ನು ನೆನಪಿಸಿಕೊಳ್ಳಿ.

ಇದು ಆ ಕ್ಷಣದ ಭಾವಾವೇಶವಷ್ಟೇ ಆಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಗೇಸೂದರಾಜರು ಆಮೇಲೆ ನಾಲ್ಕು ದಶಕ ದೆಹಲಿಯಲ್ಲಿ ಬೋಧಿಸಿದರು. 1398ರಲ್ಲಿ ತೈಮೂರನ ದಾಳಿಯ ಹೊತ್ತಿಗೆ ಊರು ಬಿಟ್ಟು, ಗುಜರಾತ್, ದೌಲತಾಬಾದ್ ಮಾರ್ಗವಾಗಿ ದಖ್ಖನಿಗೆ ಬಂದರು. ಸುಮಾರು 1400ರಲ್ಲಿ ಫಿರೋಜ್ ಶಾ ಬಹಮನಿಯ ರಾಜಧಾನಿಯಾಗಿದ್ದ ಕಲಬುರಗಿಯಲ್ಲಿ ನೆಲೆಸಿದರು. ಆಗ ಅವರಿಗೆ ಹೆಚ್ಚುಕಡಿಮೆ 80 ವರ್ಷ. 1422ರಲ್ಲಿ, ನೂರು ವರ್ಷ ದಾಟಿದ ವಯಸ್ಸಿನಲ್ಲಿ, ಅಲ್ಲೇ ತೀರಿಕೊಂಡರು. ಅರಬ್ಬಿ, ಫಾರಸಿಯಲ್ಲಿ ಅನೇಕ ಗ್ರಂಥಗಳನ್ನು ಬರೆದರು. ಜನ ಅವರನ್ನು ಬಂದೇ ನವಾಜ್ ಎಂದು ಕರೆದರು. ದೇವರ ದಾಸರನ್ನು ಆದರಿಸುವವರು ಎಂದು ಅದರ ಅರ್ಥ. ಜುಲ್ ಕಅದ್ ತಿಂಗಳಲ್ಲಿ ನಡೆಯುವ ಉರುಸಿಗೆ ಎಲ್ಲ ಮತದವರೂ ಬರುತ್ತಾರೆ. ಮಣ್ಣಿಗೆ ಹೋದ ಖಿರ್ಖಾದಿಂದ ಪರಂಪರೆ ನಿಂತುಹೋಗಲಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಕಲಬುರಗಿಯಲ್ಲೇ ನಡೆದ ಬಟ್ಟೆಯ ಇನ್ನೊಂದು ಕಥೆಯನ್ನು ಬಿಜಾಪುರದ ಆದಿಲ್‌ಶಾಹಿ ಆಸ್ಥಾನದಲ್ಲಿದ್ದ ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಸುಲ್ತಾನ ಫಿರೋಜ್ ಶಾ ತನ್ನ ಮಗನೇ ಮುಂದಿನ ಅರಸನಾಗಬೇಕೆಂದು ಬಯಸಿದ. ಬಂದೇ ನವಾಜರು ಅದಕ್ಕೆ ಆಶೀರ್ವಾದ ಮಾಡಲಿಲ್ಲ. ಸುಲ್ತಾನನ ತಮ್ಮ ಅಹ್ಮದ್ ಖಾನ್ ಜೀವಭಯದಲ್ಲಿ ಮಗನೊಂದಿಗೆ ಅವರ ಬಳಿ ಬಂದಾಗ, ಪೇಟದ ಬಟ್ಟೆಯನ್ನು ಎರಡು ಭಾಗ ಮಾಡಿ ತಂದೆಗೂ ಮಗನಿಗೂ ಸುತ್ತಿ ಹರಸಿದರಂತೆ. 1422ರಲ್ಲಿ ಅಹ್ಮದ್ ಸುಲ್ತಾನನಾದ. ಕಥೆಯ ವಿವರಗಳು ಹೇಗೇ ಇರಲಿ, ಅರಸು ಸೂಫಿಗೆ ಖಿಲ್ಲತ್ತು ಕೊಡುವ ಬದಲು ಸೂಫಿಯ ಪೇಟದ ತುಂಡು ಅರಸನ ಕಿರೀಟಕ್ಕಿಂತ ಮೊದಲು ಬಂತೆಂದು ಜನ ನಂಬಿದ್ದರು ಎಂಬುದು ಇದರಿಂದ ತಿಳಿಯುತ್ತದೆ.

ನೆರೆಹೊರೆಯ ಪರಂಪರೆಗಳಲ್ಲಿ

ಇದು ಮುಸ್ಲಿಮರ ಪ್ರಶ್ನೆ ಮಾತ್ರವಲ್ಲ. ಬೈಬಲ್‌ನಲ್ಲಿ ಪ್ರವಾದಿ ಎಲೀಯನು ಪರಲೋಕಕ್ಕೆ ಹೋಗುವಾಗ ಬಿದ್ದ ಕಂಬಳಿಯನ್ನು ಶಿಷ್ಯ ಎಲೀಷನು ಎತ್ತಿಕೊಳ್ಳುತ್ತಾನೆ. ಇವರನ್ನೇ ಕುರ್‌ಆನ್ ಇಲ್ಯಾಸ್, ಅಲ್ ಯಸಅ್ ಎಂದು ಹೆಸರಿಸುತ್ತದೆ.

ಚೀನಾದ ಝೆನ್ ಬೌದ್ಧರಲ್ಲಿ ಚಿರಾಗ್ ದೆಹಲವಿಯವರ ನಿರ್ಧಾರವನ್ನು ಹೋಲುವ ಕಥೆಯಿದೆ. ದಕ್ಷಿಣ ಭಾರತದಿಂದ ಹೋದನೆಂದು ನಂಬಲಾದ ಬೋಧಿಧರ್ಮನ ನಿಲುವಂಗಿ ಗುರುವಿನಿಂದ ಗುರುವಿಗೆ ಸಾಗುತ್ತಾ ಬಂತು. ಐದನೆಯ ಗುರು ಅದನ್ನು ವಿದ್ವಾಂಸ ಶಿಷ್ಯನಿಗೆ ಕೊಡದೆ, ಓದುಬರಹ ಬಾರದ, ಸೌದೆ ಮಾರಿ ಬದುಕಿದ್ದ ಹ್ವಿನೆಂಗ್‌ಗೆ (638–713) ರಾತ್ರಿ ಗುಟ್ಟಾಗಿ ಕೊಟ್ಟರು. ಈ ಬಟ್ಟೆ ಜಗಳಕ್ಕೆ ಕಾರಣವಾಗುತ್ತದೆ, ನಿನ್ನ ನಂತರ ಯಾರಿಗೂ ಕೊಡಬೇಡ ಎಂದೂ ಹೇಳಿದರೆಂದು ಅವರ ಗ್ರಂಥ ತಿಳಿಸುತ್ತದೆ. ಬಟ್ಟೆಯ ಸಾಗಣೆ ಅಲ್ಲಿಗೆ ನಿಂತಿತು, ಬೋಧನೆ ಮುಂದುವರಿಯಿತು.

ಶ್ರವಣಬೆಳಗೊಳದಲ್ಲಿ ಇನ್ನೊಂದು ಬಗೆ. ದಿಗಂಬರ ಮುನಿಗಳಿಗೆ ಬಟ್ಟೆಯೇ ಇಲ್ಲ. ಮಠದ ಭಟ್ಟಾರಕರು ಕಾವಿ ಉಡುತ್ತಾರೆ. ಅಲ್ಲಿ ಪೀಠದೊಂದಿಗೆ ಸಾಗುವುದು ‘ಚಾರುಕೀರ್ತಿ’ ಎಂಬ ಹೆಸರು. 1970ರಿಂದ ಪೀಠದಲ್ಲಿದ್ದ ಸ್ವಾಮೀಜಿ 2023ರಲ್ಲಿ ತೀರಿಕೊಂಡ ನಂತರ ಬಂದವರ ಹೆಸರೂ ಚಾರುಕೀರ್ತಿಯೇ. ಹೆಸರೇ ಅಲ್ಲಿ ಉಡುಪಿನ ಹಾಗೆ.

ನಮ್ಮ ಜಿಲ್ಲೆಯ ಸಿದ್ಧಗಂಗೆಯ ಉದಾಹರಣೆ ನಿಮಗೆಲ್ಲ ಹತ್ತಿರದ್ದು. ಉದ್ಧಾನ ಶಿವಯೋಗಿಗಳಿಗೆ ಉತ್ತರಾಧಿಕಾರಿಯಾಗಬೇಕಿದ್ದ ಮರುಳಾರಾಧ್ಯರು 1930ರಲ್ಲಿ ತೀರಿಕೊಂಡರು. ಆಗ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದ ಶಿವಣ್ಣ ಎಂಬ ಯುವಕನನ್ನು ಹಿರಿಯ ಶ್ರೀಗಳು ಆರಿಸಿದರು. ಅದೇ ವರ್ಷ ಕಾವಿ ತೊಟ್ಟ ಅವರೇ ಶಿವಕುಮಾರ ಸ್ವಾಮೀಜಿ. 1941ರಲ್ಲಿ ಮಠದ ಹೊಣೆ ಬಂತು. 2019ರ ಜನವರಿ 21ರಂದು ಅವರು ಲಿಂಗೈಕ್ಯರಾಗುವವರೆಗೆ ಆ ಕಾವಿ ಅನ್ನ, ಅಕ್ಷರ, ಆಶ್ರಯ ಎಂಬ ಮೂರು ದಾಸೋಹಗಳ ಗುರುತಾಗಿತ್ತು. ಜಾತಿ ಮತ ಕೇಳದೆ ಸಾವಿರಾರು ಬಡ ಮಕ್ಕಳು ಅಲ್ಲಿ ಉಂಡು ಓದಿದರು. ಕಾವಿ ತೊಟ್ಟ ದಿನ ಅವರಿಗೆ ಸಿಕ್ಕಿದ್ದು ಹೊಣೆ. ಆ ಬಟ್ಟೆಗೆ ಇಂದು ಜನ ಕೊಡುವ ಗೌರವವನ್ನು ಅವರು ಮುಂದಿನ ದುಡಿಮೆಯಿಂದ ಅದಕ್ಕೆ ತುಂಬಿದರು.

ವಂಶವೋ, ಅರ್ಹತೆಯೋ?

ಕಾಲ ಕಳೆದಂತೆ ದರ್ಗಾಗಳಿಗೆ ಜಮೀನು, ಇನಾಮು, ಆದಾಯ ಬಂದವು. ಸೂಫಿಯ ನಮಾಜಿನ ಚಾಪೆಗೆ ಸಜ್ಜಾದಾ ಎನ್ನುತ್ತಾರೆ. ಅದರ ಮೇಲೆ ಕುಳಿತವರು ಸಜ್ಜಾದಾ ನಶೀನ್. ಬಹಳ ಕಡೆ ಈ ಸ್ಥಾನ ವಂಶದಲ್ಲೇ ಉಳಿಯಿತು. ಬಂದೇ ನವಾಜರ ಹಿರಿಯ ಮಗ ತಂದೆಗಿಂತ ಮೊದಲೇ ತೀರಿಕೊಂಡಿದ್ದರಿಂದ ಕಿರಿಯ ಮಗ ಅಸ್ಗರ್ ಹುಸೈನಿ ಮುಂದುವರಿಸಿದರು. ಅಲ್ಲಿಂದ ಇಂದಿನವರೆಗೆ ಕಲಬುರಗಿಯ ಸ್ಥಾನ ಆ ಕುಟುಂಬದಲ್ಲಿದೆ. 2024ರ ನವೆಂಬರ್‌ನಲ್ಲಿ ತೀರಿಕೊಂಡ ಸಜ್ಜಾದಾ ನಶೀನ್ ಡಾ. ಸೈಯದ್ ಶಾ ಖುಸ್ರೋ ಹುಸೈನಿ ಸ್ವತಃ ಸೂಫಿ ತತ್ವದ ವಿದ್ವಾಂಸರು. ಶಾಲೆ, ಕಾಲೇಜು, ಕೊನೆಗೆ ಒಂದು ವಿಶ್ವವಿದ್ಯಾಲಯದವರೆಗೆ ಶಿಕ್ಷಣ ಸಂಸ್ಥೆಗಳನ್ನು ಬೆಳೆಸಿದರು. ವಂಶದಿಂದ ಬಂದ ಸ್ಥಾನವನ್ನೂ ದುಡಿಮೆಯಿಂದ ಗಳಿಸಿಕೊಳ್ಳಬಹುದು ಎಂಬುದಕ್ಕೆ ಇದು ನಿದರ್ಶನ.

ಹಾಗೆಂದು ವಂಶ ಇದ್ದರೆ ಸಾಕೆಂದು ತಿಳಿಯಬಾರದು. ಬಾಬಾ ಫರೀದರ ಮನೆಯ ಅಸಮಾಧಾನ ಇಂದಿಗೂ ಎಷ್ಟೋ ದರ್ಗಾ, ಮಠಗಳಲ್ಲಿ ನ್ಯಾಯಾಲಯದ ಮೆಟ್ಟಿಲೇರುತ್ತಿದೆ. ನಮ್ಮ ಕಾನೂನು ಈ ವಿಷಯದಲ್ಲಿ ಒಂದು ಉಪಯುಕ್ತ ವ್ಯತ್ಯಾಸ ಮಾಡುತ್ತದೆ. ವಕ್ಫ್ ಆಸ್ತಿಯನ್ನು ನೋಡಿಕೊಳ್ಳುವವರು ಮುತವಲ್ಲಿ. ಸಜ್ಜಾದಾ ನಶೀನ್ ಆಧ್ಯಾತ್ಮಿಕ ಸ್ಥಾನ. ಇಬ್ಬರೂ ಒಬ್ಬರೇ ಆಗಿರಬಹುದು, ಆದರೆ ಹೊಣೆಗಳು ಬೇರೆ. ಲೆಕ್ಕಪುಸ್ತಕದ ಹೊಣೆಯನ್ನು ಖಿರ್ಖಾ ತೋರಿಸಿ ತಪ್ಪಿಸಿಕೊಳ್ಳುವಂತಿಲ್ಲ. ಆಸ್ತಿಯ ದಾಖಲೆ ಕೈಯಲ್ಲಿದೆ ಎಂದು ಯಾರೂ ಗುರುವಾಗುವುದೂ ಇಲ್ಲ.

ಇಷ್ಟನ್ನೂ ಒಟ್ಟಿಗೆ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಪವಿತ್ರ ಬಟ್ಟೆ ಅಮಾನತ್ತು. ತೊಟ್ಟವನ ಆಸ್ತಿ ಆಗುವುದಿಲ್ಲ. ಅಮಾನತ್ತು ಎಂದರೆ ಇನ್ನೊಬ್ಬರದನ್ನು ಜೋಪಾನ ಮಾಡಿ, ಲೆಕ್ಕ ಒಪ್ಪಿಸಬೇಕಾದ ವಸ್ತು. ಅದನ್ನು ಕೊಡಲು ಯೋಗ್ಯನನ್ನು ಹುಡುಕುವುದು ಒಂದು ಕರ್ತವ್ಯ. ಯೋಗ್ಯನಿಲ್ಲದಾಗ ಕೊಡದಿರುವುದೂ ಕರ್ತವ್ಯವೇ. ಕೊಡದಿದ್ದಾಗಲೂ ಸೇವೆ ಬಿಡದಿರುವುದು ಮೂರನೆಯದು, ಎಲ್ಲಕ್ಕಿಂತ ಕಷ್ಟದ್ದು.

ವಿದ್ಯಾರ್ಥಿಗಳಾದ ನಿಮಗೆ ಖಿರ್ಖಾ ಯಾರೂ ಕೊಡಲಿಕ್ಕಿಲ್ಲ. ಆದರೆ ಮುಂದೆ ವಕೀಲರ ಕರಿಯ ಕೋಟು, ವೈದ್ಯರ ಬಿಳಿಯ ಕೋಟು, ಪೊಲೀಸರ ಖಾಕಿ ಇವುಗಳಲ್ಲಿ ಒಂದು ನಿಮ್ಮ ಮೈಮೇಲೆ ಬರಬಹುದು. ಅದನ್ನು ತೊಟ್ಟ ದಿನದಿಂದ ಜನ ನಿಮ್ಮನ್ನು ನಂಬಲು ಶುರುಮಾಡುತ್ತಾರೆ. ಆ ನಂಬಿಕೆ ನಿಮಗಿಂತ ಮೊದಲು ಆ ಬಟ್ಟೆ ತೊಟ್ಟವರು ಗಳಿಸಿಟ್ಟದ್ದು. ಅದನ್ನು ಕರಗಿಸುವುದೋ, ಇನ್ನಷ್ಟು ಸೇರಿಸಿ ಮುಂದಿನವರಿಗೆ ಬಿಡುವುದೋ ನಿಮ್ಮ ಕೈಯಲ್ಲಿದೆ.

ತರಗತಿಯಲ್ಲಿ ಚರ್ಚಿಸಲು

1. ಖಿಲ್ಲತ್ತಿಗೂ ಖಿರ್ಖಾಕ್ಕೂ ಇರುವ ಮೂರು ವ್ಯತ್ಯಾಸಗಳನ್ನು ಬರೆಯಿರಿ.

2. ಸೂರಃ ಯೂಸುಫ್‌ನಲ್ಲಿ ಅಂಗಿ ಬರುವ ಮೂರು ಸಂದರ್ಭಗಳನ್ನು ವಿವರಿಸಿ. ಸಂಕೇತವನ್ನು ಪರೀಕ್ಷಿಸುವ ಬಗ್ಗೆ ಅವು ಏನು ಕಲಿಸುತ್ತವೆ?

3. ಬಾಬಾ ಫರೀದ್ ಖಿರ್ಖಾವನ್ನು ಕೊಟ್ಟ ರೀತಿ, ಚಿರಾಗ್ ದೆಹಲವಿ ಕೊಡದೆ ಹೋದ ರೀತಿ: ಯಾವುದು ಹೆಚ್ಚು ಕಷ್ಟದ ನಿರ್ಧಾರವೆಂದು ನಿಮಗೆ ಅನಿಸುತ್ತದೆ? ಏಕೆ?

4. ಗೇಸೂದರಾಜರು ಹಗ್ಗವನ್ನು ಖಿರ್ಖಾ ಎಂದದ್ದು ಸರಿಯೇ? ಗುರು ಕೊಡದ್ದನ್ನು ಶಿಷ್ಯ ತಾನೇ ತೆಗೆದುಕೊಂಡಂತೆ ಆಗಲಿಲ್ಲವೇ? ಎರಡೂ ಕಡೆಯಿಂದ ವಾದ ಮಾಡಿ.

5. ನಿಮ್ಮ ತಾಲ್ಲೂಕಿನ ದರ್ಗಾ, ಮಠ, ಚರ್ಚ್ ಅಥವಾ ದೇವಸ್ಥಾನದ ಹಿರಿಯರೊಬ್ಬರನ್ನು ಮಾತನಾಡಿಸಿ. ಅಲ್ಲಿ ಹೊಣೆ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವಾಗ ಯಾವ ಬಟ್ಟೆ ಅಥವಾ ವಸ್ತು ಕೊಡುತ್ತಾರೆ, ಯಾರು ಸಾಕ್ಷಿಯಾಗಿರುತ್ತಾರೆ, ಅದರೊಂದಿಗೆ ಯಾವ ಕೆಲಸ ಬರುತ್ತದೆ ಎಂದು ಕೇಳಿ ಒಂದು ಪುಟ ಬರೆದು ತನ್ನಿ.